ಡ್ರೈವ್‌ವೇ ಎದುರು ಕರ್ಬ್ ಇಳಿಸುವುದು: ಕಾರಿಡಾರ್ ಮಾಡೆಲ್‌ನಲ್ಲಿ ಹೇಗೆ?

ಪ್ರಶ್ನೆ: ನಗರದ ರಸ್ತೆಯೊಂದಕ್ಕೆ ಸಿವಿಲ್ 3ಡಿ ಎಂಬ ವಿನ್ಯಾಸ ಸಾಫ್ಟ್‌ವೇರ್‌ನಲ್ಲಿ ಕಾರಿಡಾರ್ (ರಸ್ತೆಯ 3ಡಿ ಮಾಡೆಲ್) ಮಾಡುತ್ತಿದ್ದೇನೆ. ಲೇನ್, ಕರ್ಬ್ (ರಸ್ತೆಯಂಚಿನ ಕಟ್ಟೆ), ಫುಟ್‌ಪಾತ್ ಎಲ್ಲ ಸರಿಯಾಗಿ ಬಂದಿದೆ. ಆದರೆ ರಸ್ತೆಯುದ್ದಕ್ಕೂ ನಲವತ್ತರ ಹತ್ತಿರ ಡ್ರೈವ್‌ವೇಗಳಿವೆ (ಮನೆಯೊಳಕ್ಕೆ ವಾಹನ ಹೋಗುವ ದಾರಿಗಳು). ಪ್ರತಿಯೊಂದರ ಎದುರೂ ಕರ್ಬ್ ಇಳಿದು ಮತ್ತೆ ಏರಬೇಕು. ನಾನು ಅಲ್ಲಲ್ಲಿ ರೀಜನ್ (ಒಂದೇ ಅಸೆಂಬ್ಲಿ ಓಡುವ ರಸ್ತೆಯ ಭಾಗ) ಕತ್ತರಿಸಿ, ತಗ್ಗು ಕರ್ಬ್ ಇರುವ ಇನ್ನೊಂದು ಅಸೆಂಬ್ಲಿ (ರಸ್ತೆಯ ಅಡ್ಡಕೊಯ್ತದ ಅಚ್ಚು) ಹಾಕಿದೆ. ಈಗ ಡ್ರೈವ್‌ವೇ ಶುರುವಾಗುವ ಕಡೆ ಗೋಡೆ ಎದ್ದ ಹಾಗೆ ಕಾಣುತ್ತದೆ. ಫೀಚರ್ ಲೈನ್‌ಗಳು (ಕರ್ಬ್, ಫುಟ್‌ಪಾತ್ ಅಂಚುಗಳ ಉದ್ದದ ಗೆರೆಗಳು) ಅಡ್ಡಾದಿಡ್ಡಿ ಓಡುತ್ತವೆ, ಕಾಂಟೂರ್ (ಸಮ ಎತ್ತರದ ಗೆರೆಗಳು) ಪೂರ್ತಿ ಗೋಜಲು. ಈ ಇಳಿಯುವ, ಏರುವ ಭಾಗವನ್ನು ಸರಿಯಾಗಿ ಮಾಡುವುದು ಹೇಗೆ? ಡ್ರೈವ್‌ವೇಯನ್ನು ಮುಖ್ಯ ಕಾರಿಡಾರ್‌ನಲ್ಲೇ ಸೇರಿಸಬೇಕಾ, ಬೇರೆಯಾಗಿ ಮಾಡಬೇಕಾ?

ಉತ್ತರ: ಗೋಡೆ ಎದ್ದಿರುವುದು ಸಾಫ್ಟ್‌ವೇರ್‌ನ ತಪ್ಪಲ್ಲ. ನೀವು ಹೇಳಿದ್ದನ್ನೇ ಅದು ಮಾಡಿದೆ. ಎರಡು ರೀಜನ್‌ಗಳು ಒಂದೇ ಚೈನೇಜ್‌ನಲ್ಲಿ (ರಸ್ತೆಯುದ್ದಕ್ಕೆ ಮೀಟರ್‌ನಲ್ಲಿ ಅಳೆದ ದೂರ) ಸೇರುತ್ತವೆ. ಅಲ್ಲಿ ಮೊದಲನೆಯದು ಕರ್ಬ್‌ನ ತಲೆ ಗಟರ್‌ಗಿಂತ (ಕರ್ಬ್ ಬುಡದಲ್ಲಿ ನೀರು ಹರಿಯುವ ಪಟ್ಟಿ) 150 ಮಿ.ಮೀ. ಮೇಲಿದೆ ಎನ್ನುತ್ತದೆ. ಎರಡನೆಯದು 25 ಮಿ.ಮೀ. ಎನ್ನುತ್ತದೆ. ಎರಡೂ ಸೆಕ್ಷನ್ (ಅಡ್ಡಕೊಯ್ತ) ಅದೇ ಜಾಗದಲ್ಲಿ ಕೂರುತ್ತವೆ. ಟಿನ್ ಸರ್ಫೇಸ್‌ಗೆ (ತ್ರಿಕೋನಗಳಿಂದ ಕಟ್ಟಿದ ಮೇಲ್ಮೈಗೆ) ಒಂದು ಜಾಗದಲ್ಲಿ ಒಂದೇ ಲೆವೆಲ್ ಇರಲು ಸಾಧ್ಯ. ಎರಡು ಕೊಟ್ಟರೆ ಅದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ, ಉಳಿದ ತ್ರಿಕೋನಗಳನ್ನು ಸಿಕ್ಕಿದ ಕಡೆಗೆ ಎಳೆಯುತ್ತದೆ. ನಿಮ್ಮ ಗೋಜಲು ಕಾಂಟೂರ್ ಬಂದಿರುವುದು ಇಲ್ಲಿಂದಲೇ.

ರೀಜನ್‌ಗಳ ನಡುವೆ ಸ್ವಲ್ಪ ಜಾಗ ಬಿಟ್ಟರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಕಣ್ಣಿಗೆ ಸರಿಹೋದ ಹಾಗೆ ಕಾಣುತ್ತದೆ, ಅಷ್ಟೇ. ಆ ಖಾಲಿ ಜಾಗದಲ್ಲಿ ಸೆಕ್ಷನ್ ಇರುವುದಿಲ್ಲ, ಕಾಂಕ್ರೀಟ್ ಲೆಕ್ಕವೂ ಇರುವುದಿಲ್ಲ. ನಲವತ್ತು ಡ್ರೈವ್‌ವೇಗೆ ಎಂಬತ್ತು ಖಾಲಿ ಜಾಗ. ರಸ್ತೆಯ ಪ್ರೊಫೈಲ್ (ಉದ್ದಕ್ಕಿರುವ ಏರಿಳಿತದ ಗೆರೆ) ಒಮ್ಮೆ ಬದಲಾದರೂ, ಒಂದು ಡ್ರೈವ್‌ವೇ ಎರಡು ಮೀಟರ್ ಆಚೆ ಸರಿದರೂ, ಇಷ್ಟನ್ನೂ ಮತ್ತೆ ಕೈಯಲ್ಲಿ ತಿದ್ದುತ್ತಾ ಕೂರಬೇಕು.

ನನ್ನ ಸಲಹೆ ಇಷ್ಟು: ಡ್ರೈವ್‌ವೇ ಎದುರಿನ ಕರ್ಬ್ ಬೇರೆ ಸೆಕ್ಷನ್ ಅಲ್ಲ. ಅದೇ ಸೆಕ್ಷನ್, ಅದರಲ್ಲಿ ಒಂದು ಸಂಖ್ಯೆ ಮಾತ್ರ ಬದಲಾಗುತ್ತಿದೆ. ಆ ಸಂಖ್ಯೆ ಕರ್ಬ್‌ನ ಎತ್ತರ. ಆದ್ದರಿಂದ ಅಸೆಂಬ್ಲಿ ಬದಲಿಸಬೇಡಿ, ರೀಜನ್ ಕತ್ತರಿಸಬೇಡಿ. ಒಂದೇ ಅಸೆಂಬ್ಲಿ ಇಟ್ಟುಕೊಂಡು ಆ ಸಂಖ್ಯೆಯನ್ನು ಚೈನೇಜ್ ಪ್ರಕಾರ ಏರಿಳಿಸಿ.

ಒಂದು ಡ್ರೈವ್‌ವೇ ಹಿಡಿದು ನೋಡೋಣ. ಅದರ ಮಧ್ಯಭಾಗ ಚೈನೇಜ್ 120ರಲ್ಲಿದೆ. ಬಾಯಿ 5 ಮೀ. ಅಗಲ. ಎರಡೂ ಕಡೆ ಕರ್ಬ್ ಇಳಿಯಲು 1 ಮೀ. ಬೇಕು. ಪೂರ್ತಿ ಕರ್ಬ್ 150 ಮಿ.ಮೀ., ಇಳಿದ ಮೇಲೆ ಉಳಿಯುವ ತುಟಿ 25 ಮಿ.ಮೀ. ಹಾಗಾದರೆ ಮುಖ್ಯವಾದ ಚೈನೇಜ್‌ಗಳು ನಾಲ್ಕು: 116.5ರಲ್ಲಿ ಇಳಿಯಲು ಶುರು, 117.5ರಲ್ಲಿ ಪೂರ್ತಿ ಇಳಿದಿದೆ, 122.5ರವರೆಗೆ ಹಾಗೇ, 123.5ರಲ್ಲಿ ಮತ್ತೆ 150.

ಈಗ ನಿಮ್ಮ ಕಾರಿಡಾರ್‌ನ ಫ್ರೀಕ್ವೆನ್ಸಿ, ಅಂದರೆ ಸೆಕ್ಷನ್‌ಗಳ ನಡುವಿನ ಅಂತರ, 5 ಮೀ. ಇದೆ ಎಂದುಕೊಳ್ಳಿ. ಸೆಕ್ಷನ್ ಬೀಳುವುದು 115, 120, 125ರಲ್ಲಿ. ಈ ನಾಲ್ಕರಲ್ಲಿ ಒಂದೂ ಸಿಗಲಿಲ್ಲ, ಅಲ್ವಾ? 115ರಲ್ಲಿ 150, 120ರಲ್ಲಿ 25, 125ರಲ್ಲಿ 150. ನಡುವೆ ನೇರ ಗೆರೆ. 117.5ರಲ್ಲಿ 25 ಇರಬೇಕಾದ ಕರ್ಬ್ ಮಾಡೆಲ್‌ನಲ್ಲಿ 87.5 ಮಿ.ಮೀ. ಇರುತ್ತದೆ. ಅಗಲವಾದ ಬಾಯಿಯ ಬದಲು ಒಂದು ವಿ ಆಕಾರ ಬರುತ್ತದೆ. ಫ್ರೀಕ್ವೆನ್ಸಿ 10 ಮೀ. ಇದ್ದು, ಡ್ರೈವ್‌ವೇ ಮಧ್ಯ 115ರಲ್ಲಿ ಇದ್ದರೆ ಇನ್ನೂ ಚೆಂದ. 110ರಲ್ಲೂ 120ರಲ್ಲೂ ಪೂರ್ತಿ ಕರ್ಬ್, ಡ್ರೈವ್‌ವೇಯೇ ಮಾಯ. ಎರರ್ ಏನೂ ಬರುವುದಿಲ್ಲ.

ಇದಕ್ಕೆ ಹಲವರು ಮಾಡುವ ಮದ್ದು ಫ್ರೀಕ್ವೆನ್ಸಿಯನ್ನು 0.5 ಮೀ.ಗೆ ಇಳಿಸುವುದು. ಬೇಡ. ನೇರ ರಸ್ತೆಯಲ್ಲಿ ಬೇಕಿರುವುದು ಆ ನಾಲ್ಕು ಸೆಕ್ಷನ್ ಮಾತ್ರ. ಅವು ಸರಿಯಾದ ಜಾಗದಲ್ಲಿ ಬಿದ್ದರೆ ನಡುವಿನದ್ದೆಲ್ಲ ನೇರ ಗೆರೆಯಲ್ಲಿ ತಾನಾಗೇ ಸರಿಯಾಗುತ್ತದೆ. ಅವು ತಪ್ಪಿದರೆ ನೂರು ಸೆಕ್ಷನ್ ಇದ್ದರೂ ಮೂಲೆ ಮೊಂಡಾಗೇ ಇರುತ್ತದೆ, ಜೊತೆಗೆ ರೀಬಿಲ್ಡ್ ಮಾಡಲು ಜಾಸ್ತಿ ಹೊತ್ತು. ತಿರುವಿನಲ್ಲಿ ಮಾತ್ರ ಲೆಕ್ಕ ಬೇರೆ. ತ್ರಿಜ್ಯ 50 ಮೀ. ಇರುವ ಕರ್ಬ್‌ನಲ್ಲಿ 5 ಮೀ.ಗೊಂದು ಸೆಕ್ಷನ್ ಇಟ್ಟರೆ ನಡುವೆ ಗೆರೆ ಸುಮಾರು 62 ಮಿ.ಮೀ. ಒಳಗೆ ಸರಿಯುತ್ತದೆ. 1 ಮೀ.ಗೊಂದು ಇಟ್ಟರೆ ಅದು 2.5 ಮಿ.ಮೀ. ಹಾಗಾಗಿ ತಿರುವಿನಲ್ಲಿ ಫ್ರೀಕ್ವೆನ್ಸಿ ಬಿಗಿ ಮಾಡಿ, ಡ್ರೈವ್‌ವೇಗೆ ಚೈನೇಜ್ ಸೇರಿಸಿ.

ಇನ್ನು ಆ ಸಂಖ್ಯೆಯನ್ನು ಬದಲಿಸುವುದು ಹೇಗೆ? ದಾರಿಗಳು ಮೂರ್ನಾಲ್ಕಿವೆ.

ಸಿವಿಲ್ 3ಡಿಯ ಈಚಿನ ಆವೃತ್ತಿಗಳಲ್ಲಿ ಕಾರಿಡಾರ್ ಟ್ರಾನ್ಸಿಷನ್ ಎಂಬ ಸೌಲಭ್ಯವೇ ಇದೆ. ಸಬ್‌ಅಸೆಂಬ್ಲಿಯ (ಅಸೆಂಬ್ಲಿಯ ಒಂದು ಬಿಡಿಭಾಗದ) ಒಂದು ಪ್ಯಾರಾಮೀಟರ್ ಆರಿಸಿ, ಈ ಚೈನೇಜ್‌ನಿಂದ ಆ ಚೈನೇಜ್‌ವರೆಗೆ ಇಷ್ಟರಿಂದ ಇಷ್ಟಕ್ಕೆ ಎಂದು ಹೇಳಬಹುದು. ಹತ್ತು ಹದಿನೈದು ಡ್ರೈವ್‌ವೇ ಇದ್ದರೆ ಇದು ಸಾಕು. ನಿಮ್ಮ ಹಾಗೆ ನಲವತ್ತು ಇದ್ದು, ಅವುಗಳ ಜಾಗ ಇನ್ನೂ ಅತ್ತಿತ್ತ ಸರಿಯುತ್ತಿದ್ದರೆ ಟೇಬಲ್‌ನಲ್ಲಿ ಸಂಖ್ಯೆ ತಿದ್ದುವುದೇ ಒಂದು ಕೆಲಸವಾಗುತ್ತದೆ.

ಎರಡನೆಯದು ಹಳೆಯ ದಾರಿ: ಕರ್ಬ್‌ನ ತಲೆಗೆ ಒಂದು ಪ್ರೊಫೈಲ್ ಬರೆದು ಅದನ್ನೇ ಎಲಿವೇಷನ್ ಟಾರ್ಗೆಟ್ (ಎತ್ತರಕ್ಕೆ ಹಿಂಬಾಲಿಸಬೇಕಾದ ಗೆರೆ) ಮಾಡುವುದು. ಸಿದ್ಧ ಅರ್ಬನ್ ಕರ್ಬ್ ಗಟರ್ ಸಬ್‌ಅಸೆಂಬ್ಲಿಯಲ್ಲಿ ಕರ್ಬ್ ಎತ್ತರ ಒಂದು ಸ್ಥಿರ ಸಂಖ್ಯೆ. ಆದ್ದರಿಂದ ಕರ್ಬ್‌ನ ಮುಖವನ್ನು ಲಿಂಕ್ ವಿಡ್ತ್ ಆಂಡ್ ಸ್ಲೋಪ್‌ನಂಥ ಸಾದಾ ಲಿಂಕ್‌ನಿಂದ (ಸೆಕ್ಷನ್‌ನ ಎರಡು ಪಾಯಿಂಟ್ ಸೇರಿಸುವ ಗೆರೆ) ಕಟ್ಟಿಕೊಳ್ಳಬೇಕು. ಮುಖಕ್ಕೆ ಒಂದೆರಡು ಸೆಂ.ಮೀ. ಓರೆ ಕೊಡಿ. ಪೂರ್ತಿ ನೆಟ್ಟಗಿದ್ದರೆ ಟಿನ್‌ಗೆ ಮತ್ತೆ ಅದೇ ತಕರಾರು. ಈ ದಾರಿ ಕೆಲಸ ಮಾಡುತ್ತದೆ. ಆದರೆ ಆ ಪ್ರೊಫೈಲ್‌ನಲ್ಲಿರುವುದು ಸಮುದ್ರಮಟ್ಟದಿಂದ ಅಳೆದ ಲೆವೆಲ್. ರಸ್ತೆಯ ಪ್ರೊಫೈಲ್ 50 ಮಿ.ಮೀ. ಏರಿತು ಎಂದುಕೊಳ್ಳಿ. ಗಟರ್ ಏರುತ್ತದೆ, ಕರ್ಬ್‌ನ ತಲೆ ಹಳೆಯ ಜಾಗದಲ್ಲೇ ಇರುತ್ತದೆ. ಡ್ರೈವ್‌ವೇ ಎದುರಿನ ತುಟಿ ಗಟರ್‌ಗಿಂತ ಕೆಳಗೆ ಹೋಗಿರುತ್ತದೆ. ಪ್ರೊಫೈಲ್ ಅಂತಿಮವಾದ ಮೇಲೆ ಮಾತ್ರ ಈ ದಾರಿ ಹಿಡಿಯಿರಿ.

ಇಲ್ಲೊಂದು ಬಲೆ ಇದೆ, ಹೇಳಿಬಿಡುತ್ತೇನೆ. ಪ್ರೊಫೈಲ್ ಬರೆಯುವ ಬೇಸರಕ್ಕೆ ಕಾರಿಡಾರ್‌ನಿಂದಲೇ ಗಟರ್‌ನ ಫೀಚರ್ ಲೈನ್ ಹೊರತೆಗೆದು, ಅದನ್ನು 150 ಮಿ.ಮೀ. ಎತ್ತಿ, ಅದೇ ಕಾರಿಡಾರ್‌ಗೆ ಟಾರ್ಗೆಟ್ ಕೊಡುವ ಆಸೆ ಬರುತ್ತದೆ. ಡೈನಮಿಕ್ ಲಿಂಕ್ ಇಟ್ಟು ಹೀಗೆ ಮಾಡಿದರೆ ಕಾರಿಡಾರ್ ತನ್ನನ್ನೇ ತಾನು ನೋಡಿಕೊಂಡು ಕಟ್ಟಲು ಹೊರಡುತ್ತದೆ. ರೀಬಿಲ್ಡ್ ಮಾಡಿದ ಮೇಲೂ ಔಟ್ ಆಫ್ ಡೇಟ್ ಗುರುತು ಮತ್ತೆ ಬರಬಹುದು.

ನಿಮ್ಮ ಪರಿಸ್ಥಿತಿಗೆ ನಾನು ಆರಿಸುವುದು ಮೂರನೆಯದನ್ನು. ಸಬ್‌ಅಸೆಂಬ್ಲಿ ಕಂಪೋಸರ್‌ನಲ್ಲಿ ಸ್ವಂತ ಕರ್ಬ್ ಒಂದನ್ನು ಮಾಡಿಕೊಳ್ಳಿ. ಅದಕ್ಕೊಂದು ಆಫ್‌ಸೆಟ್ ಟಾರ್ಗೆಟ್ (ಅಡ್ಡ ದೂರ ಅಳೆಯಲು ಪ್ಲಾನ್‌ನಲ್ಲಿ ಬರೆದ ಗೆರೆ) ಇಡಿ. ಆ ಟಾರ್ಗೆಟ್‌ನಿಂದ ಅಗಲ ತೆಗೆದುಕೊಳ್ಳಬೇಡಿ, ಎತ್ತರ ತೆಗೆದುಕೊಳ್ಳಿ. ಅಂದರೆ ಕರ್ಬ್‌ನಿಂದ ಟಾರ್ಗೆಟ್ ಗೆರೆಗೆ ಇರುವ ದೂರದ ಹತ್ತನೇ ಒಂದು ಭಾಗ ಕರ್ಬ್‌ನ ಎತ್ತರ ಎಂದು ಸೂತ್ರ ಬರೆಯಿರಿ. ಗೆರೆ 1.5 ಮೀ. ದೂರ ಇದ್ದರೆ 150 ಮಿ.ಮೀ., 0.25 ಮೀ. ದೂರ ಇದ್ದರೆ 25 ಮಿ.ಮೀ. ಗೆರೆ ಸಿಗದಿದ್ದರೆ ಪೂರ್ತಿ 150.

ಈಗ ಪ್ಲಾನ್‌ನಲ್ಲಿ ಪ್ರತಿ ಡ್ರೈವ್‌ವೇಗೂ ನಾಲ್ಕು ಮೂಲೆಯ ಒಂದು ಪಾಲಿಲೈನ್ ಬರೆದರೆ ಮುಗಿಯಿತು. 116.5ರಲ್ಲಿ 1.5 ಮೀ. ದೂರ, 117.5ರಲ್ಲಿ 0.25, 122.5ರಲ್ಲಿ 0.25, 123.5ರಲ್ಲಿ ಮತ್ತೆ 1.5. ಒಂದನ್ನು ಬರೆದು ಉಳಿದ ಕಡೆ ಕಾಪಿ ಮಾಡಿ. ಎಲ್ಲವನ್ನೂ ಪ್ರಿಂಟ್ ಆಗದ ಒಂದೇ ಲೇಯರ್‌ನಲ್ಲಿಡಿ. ಟಾರ್ಗೆಟ್ ಕೊಡುವಾಗ ಲೇಯರ್ ಪ್ರಕಾರ ಎಲ್ಲವನ್ನೂ ಒಟ್ಟಿಗೆ ಆರಿಸಬಹುದು. ಫ್ರೀಕ್ವೆನ್ಸಿ ಸೆಟ್ಟಿಂಗ್‌ನಲ್ಲಿ ಆಫ್‌ಸೆಟ್ ಟಾರ್ಗೆಟ್‌ನ ಜ್ಯಾಮಿತಿ ಬಿಂದುಗಳಲ್ಲಿ ಸೆಕ್ಷನ್ ಹಾಕು ಎಂಬ ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಆ ನಾಲ್ಕು ಚೈನೇಜ್‌ಗಳೂ ತಾವಾಗೇ ಸೇರುತ್ತವೆ. ಡ್ರೈವ್‌ವೇ ಸರಿದರೆ ಪಾಲಿಲೈನ್ ಸರಿಸಿ, ರೀಬಿಲ್ಡ್ ಮಾಡಿ. ರಸ್ತೆಯ ಪ್ರೊಫೈಲ್ ಏರಿದರೆ ಏನೂ ಮಾಡಬೇಕಾಗಿಲ್ಲ, ಏಕೆಂದರೆ ಎತ್ತರ ಗಟರ್‌ನಿಂದ ಅಳೆದದ್ದು. ತಿರುವಿನಲ್ಲಿ ಮಾತ್ರ ಪಾಲಿಲೈನ್ ಕರ್ಬ್‌ನ ಜೊತೆಗೇ ಬಾಗಬೇಕು. ಇಲ್ಲದಿದ್ದರೆ ನಡುವೆ ದೂರ ಬದಲಾಗಿ ತುಟಿ ಉಬ್ಬುತ್ತದೆ ಅಥವಾ ಕುಸಿಯುತ್ತದೆ. ಕರ್ಬ್‌ನ ಗೆರೆಯನ್ನೇ ಆಫ್‌ಸೆಟ್ ಮಾಡಿಕೊಂಡರೆ ಈ ತೊಂದರೆ ಇಲ್ಲ.

ಓಪನ್‌ರೋಡ್ಸ್ ಎಂಬ ಇನ್ನೊಂದು ರಸ್ತೆ ವಿನ್ಯಾಸ ಸಾಫ್ಟ್‌ವೇರ್ ಬಳಸುವವರಿಗೆ ಇಷ್ಟು ಕಸರತ್ತು ಬೇಡ. ಅಲ್ಲಿ ಟೆಂಪ್ಲೇಟ್‌ನ (ಇಲ್ಲಿನ ಅಸೆಂಬ್ಲಿಯ ಹಾಗೆ) ಕರ್ಬ್ ಎತ್ತರದ ಕನ್‌ಸ್ಟ್ರೇಂಟ್‌ಗೆ ಒಂದು ಹೆಸರು ಕೊಟ್ಟು, ಪ್ಯಾರಾಮೆಟ್ರಿಕ್ ಕನ್‌ಸ್ಟ್ರೇಂಟ್‌ನಲ್ಲಿ ಚೈನೇಜ್ ಪ್ರಕಾರ ಶುರುವಿನ ಬೆಲೆ, ಕೊನೆಯ ಬೆಲೆ ಬರೆದರೆ ನಡುವಿನದ್ದನ್ನು ಅದೇ ಹಂಚಿಕೊಳ್ಳುತ್ತದೆ. ನಾಲ್ಕು ಚೈನೇಜ್‌ಗಳನ್ನು ಕೀ ಸ್ಟೇಷನ್ ಆಗಿ ಸೇರಿಸುವುದನ್ನು ಮರೆಯಬೇಡಿ. ಎರಡು ಟೆಂಪ್ಲೇಟ್ ಇಟ್ಟು ನಡುವೆ ಟೆಂಪ್ಲೇಟ್ ಟ್ರಾನ್ಸಿಷನ್ ಹಾಕಬಹುದು ನಿಜ. ಆದರೆ ಅದು ಪಾಯಿಂಟ್‌ಗಳ ಹೆಸರು ನೋಡಿ ಜೋಡಿ ಮಾಡುತ್ತದೆ, ಎರಡೂ ಕಡೆ ಹೆಸರು ಒಂದೇ ಇರಬೇಕು.

ಈ ಹೆಸರಿನ ವಿಷಯ ಸಿವಿಲ್ 3ಡಿಗೂ ಅನ್ವಯಿಸುತ್ತದೆ. ಅನಿವಾರ್ಯವಾಗಿ ರೀಜನ್ ಬದಲಿಸಲೇಬೇಕಾದ ಕಡೆ, ಎರಡು ಅಸೆಂಬ್ಲಿಗಳಲ್ಲೂ ಪಾಯಿಂಟ್ ಕೋಡ್‌ಗಳು ಒಂದೇ ಇರಲಿ, ಸಂಖ್ಯೆಯೂ ಒಂದೇ ಇರಲಿ. ಪೂರ್ತಿ ಕರ್ಬ್‌ನಲ್ಲಿ ಟಾಪ್ ಕರ್ಬ್, ಬ್ಯಾಕ್ ಕರ್ಬ್ ಎರಡೂ ಇದ್ದು, ತಗ್ಗು ಕರ್ಬ್‌ನಲ್ಲಿ ಬ್ಯಾಕ್ ಕರ್ಬ್ ಮಾತ್ರ ಇದ್ದರೆ ಟಾಪ್ ಕರ್ಬ್ ಗೆರೆ ಅಲ್ಲಿಗೆ ತುಂಡಾಗುತ್ತದೆ. ಅದೇ ಕೋಡ್ ಒಂದು ಕಡೆ ಒಮ್ಮೆ, ಇನ್ನೊಂದು ಕಡೆ ಎರಡು ಸಲ ಇದ್ದರೆ ಗೆರೆ ಕವಲೊಡೆಯುತ್ತದೆ. ನಿಮ್ಮ ಫೀಚರ್ ಲೈನ್‌ಗಳು ಅಡ್ಡಾದಿಡ್ಡಿ ಓಡುತ್ತಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ. ಕಾರಿಡಾರ್ ಪ್ರಾಪರ್ಟೀಸ್‌ನ ಫೀಚರ್ ಲೈನ್ ಪುಟದಲ್ಲಿ ಕವಲು ಒಳಗೋ ಹೊರಗೋ ಎಂದು ಕೇಳುವ ಆಯ್ಕೆಯಿದೆ, ಆದರೆ ಅದು ಲಕ್ಷಣಕ್ಕೆ ಔಷಧಿ. ಪಾಯಿಂಟ್ ಅಳಿಸುವ ಬದಲು ಅಳತೆ ಕುಗ್ಗಿಸಿ. ಬೇಡದ ಪಾಯಿಂಟ್ ಪಕ್ಕದ ಪಾಯಿಂಟ್‌ಗೆ ಅಂಟಿಕೊಂಡಿದ್ದರೂ ಸರಿ, ಅದು ಇರಬೇಕು.

ಇಲ್ಲಿಯವರೆಗೆ ಕರ್ಬ್ ಆಯಿತು. ನಿಜವಾದ ಕಷ್ಟ ಇರುವುದು ಕರ್ಬ್‌ನ ಹಿಂದೆ.

ನಿಮ್ಮ ಅಸೆಂಬ್ಲಿ ಒಮ್ಮೆ ತೆರೆದು ನೋಡಿ. ಫುಟ್‌ಪಾತ್ ಯಾವುದಕ್ಕೆ ಜೋಡಣೆಯಾಗಿದೆ? ಬಹುತೇಕ ಬ್ಯಾಕ್ ಕರ್ಬ್‌ಗೆ ಇರುತ್ತದೆ. ಎಲ್ಲರೂ ಗಟರ್, ಕರ್ಬ್, ಹಸಿರು ಪಟ್ಟಿ, ಫುಟ್‌ಪಾತ್ ಎಂದು ಒಂದರ ಬಾಲಕ್ಕೆ ಒಂದು ಸೇರಿಸುತ್ತಾ ಹೋಗುತ್ತಾರೆ. ಹೀಗಿರುವಾಗ ಕರ್ಬ್ 125 ಮಿ.ಮೀ. ಇಳಿಸಿದರೆ ಹಸಿರು ಪಟ್ಟಿಯೂ ಇಳಿಯುತ್ತದೆ, ಫುಟ್‌ಪಾತೂ ಇಳಿಯುತ್ತದೆ, ಅದರಾಚೆ ಡೇಲೈಟ್ (ಹಳೆಯ ನೆಲಕ್ಕೆ ಸೇರುವ ಇಳಿಜಾರು) ಕೂಡ ಇಳಿಯುತ್ತದೆ. ಒಂದು ಮೀಟರ್ ಉದ್ದದಲ್ಲಿ ಫುಟ್‌ಪಾತ್ 125 ಮಿ.ಮೀ. ಬಿದ್ದರೆ ಅದು 12.5% ಇಳಿಜಾರು. ನಡೆಯುವವರಿಗೇ ಕಷ್ಟ, ಗಾಲಿಕುರ್ಚಿಯವರ ಪಾಡು ಕೇಳಲೇಬೇಡಿ.

ಇದನ್ನು ತಪ್ಪಿಸಲು ಫುಟ್‌ಪಾತನ್ನು ಕರ್ಬ್‌ನಿಂದ ಬಿಡಿಸಿ ಗಟರ್‌ಗೆ ಕಟ್ಟಬೇಕು. ಗಟರ್‌ನ ಫ್ಲೋಲೈನ್‌ನಿಂದ (ನೀರು ಹರಿಯುವ ತಳದ ಗೆರೆ) ಫುಟ್‌ಪಾತ್‌ನ ಒಳ, ಅಂದರೆ ರಸ್ತೆ ಕಡೆಯ, ಅಂಚಿಗೆ ಸರ್ಫೇಸ್‌ನಲ್ಲಿ ಸೇರದ ಒಂದು ಕಾಣದ ಲಿಂಕ್ ಹಾಕಿ, ಅಲ್ಲಿ ಮಾರ್ಕ್ ಪಾಯಿಂಟ್ ಇಡಿ. ಈ ಪಾಯಿಂಟ್ ಕರ್ಬ್‌ನ ಎತ್ತರ ಏನೇ ಆದರೂ ಕದಲುವುದಿಲ್ಲ. ಫುಟ್‌ಪಾತ್ ಇಲ್ಲಿಂದ ಶುರುವಾಗಲಿ. ಕೊನೆಯಲ್ಲಿ ಬ್ಯಾಕ್ ಕರ್ಬ್‌ನಿಂದ ಆ ಮಾರ್ಕ್ ಪಾಯಿಂಟ್‌ಗೆ ಲಿಂಕ್ ಟು ಮಾರ್ಕ್ಡ್ ಪಾಯಿಂಟ್ ಎಳೆಯಿರಿ. ಕರ್ಬ್ ಮೇಲಿದ್ದಾಗ ಈ ಲಿಂಕ್ ಹಸಿರು ಪಟ್ಟಿ. ಕರ್ಬ್ ಇಳಿದಾಗ ಇದೇ ಲಿಂಕ್ ವಾಹನ ಹತ್ತುವ ಏಪ್ರನ್. ಅಸೆಂಬ್ಲಿಯಲ್ಲಿ ಮಾರ್ಕ್ ಪಾಯಿಂಟ್ ಮೊದಲು, ಅದನ್ನು ಹುಡುಕುವ ಲಿಂಕ್ ಆಮೇಲೆ ಬರಬೇಕು. ಕ್ರಮ ತಪ್ಪಿದರೆ ಲಿಂಕ್‌ಗೆ ಪಾಯಿಂಟ್ ಸಿಗುವುದಿಲ್ಲ.

ಇದು ಹಸಿರು ಪಟ್ಟಿ ಸಾಕಷ್ಟು ಅಗಲ ಇದ್ದಾಗಿನ ಮಾತು. ಪಟ್ಟಿ 1.5 ಮೀ. ಇದ್ದು, 2% ಇಳಿಜಾರಿನಲ್ಲಿದೆ ಎಂದುಕೊಳ್ಳಿ. ಫುಟ್‌ಪಾತ್‌ನ ಒಳ ಅಂಚು ಗಟರ್‌ಗಿಂತ 180 ಮಿ.ಮೀ. ಮೇಲಿರುತ್ತದೆ. ಏಪ್ರನ್ 25ರಿಂದ 180ಕ್ಕೆ ಏರಬೇಕು. 1.5 ಮೀ.ನಲ್ಲಿ 155 ಮಿ.ಮೀ., ಅಂದರೆ ಸುಮಾರು 10.3%. ಕಾರು ಹತ್ತುತ್ತದೆ, ಫುಟ್‌ಪಾತ್ ಸ್ವಲ್ಪವೂ ಅಲುಗಾಡುವುದಿಲ್ಲ.

ಪಟ್ಟಿ 0.6 ಮೀ. ಮಾತ್ರ ಇದ್ದರೆ? ಏಪ್ರನ್‌ಗೆ 10% ಕೊಟ್ಟರೂ 60 ಮಿ.ಮೀ. ಏರಿ 85ಕ್ಕೆ ನಿಲ್ಲುತ್ತದೆ. ಫುಟ್‌ಪಾತ್‌ನ ಒಳ ಅಂಚು ಇರಬೇಕಾದ್ದು 162ರಲ್ಲಿ. ಹಾಗಾಗಿ ಫುಟ್‌ಪಾತ್ 77 ಮಿ.ಮೀ. ಇಳಿಯಲೇಬೇಕು. ಪಟ್ಟಿಯೇ ಇಲ್ಲದೆ ಫುಟ್‌ಪಾತ್ ಕರ್ಬ್‌ಗೆ ಅಂಟಿಕೊಂಡಿದ್ದರೆ ಪೂರ್ತಿ 125. ಕೆಲವರು ಫುಟ್‌ಪಾತ್‌ನ ಹೊರ ಅಂಚನ್ನು ಹಾಗೇ ಬಿಟ್ಟು ಒಳ ಅಂಚನ್ನು ಮಾತ್ರ ಇಳಿಸುತ್ತಾರೆ. 1.8 ಮೀ. ಅಗಲದ ಫುಟ್‌ಪಾತ್‌ನಲ್ಲಿ ಹಾಗೆ ಮಾಡಿದರೆ, ಮೊದಲೇ ಇದ್ದ 2% ಸೇರಿ, ಅಡ್ಡ ಇಳಿಜಾರು ಸುಮಾರು 9% ಆಗುತ್ತದೆ. ಅಮೆರಿಕದ 2010ರ ಎಡಿಎ (ಅಂಗವಿಕಲರ ಹಕ್ಕಿನ ಕಾಯ್ದೆ) ಮಾನದಂಡದಲ್ಲಿ ನಡಿಗೆ ಹಾದಿಯ ಅಡ್ಡ ಇಳಿಜಾರಿಗೆ 1:48, ಅಂದರೆ ಸುಮಾರು 2% ಮಿತಿ ಇದೆ. ನಿಮ್ಮ ಕೆಲಸಕ್ಕೆ ಅನ್ವಯಿಸುವ ನಿಯಮದಲ್ಲಿ ಸಂಖ್ಯೆ ಸ್ವಲ್ಪ ಬೇರೆ ಇರಬಹುದು, ಆದರೆ 9% ಒಪ್ಪುವ ನಿಯಮ ಸಿಗುವುದು ಕಷ್ಟ.

ಆದ್ದರಿಂದ ಇಂಥ ಕಡೆ ಫುಟ್‌ಪಾತ್ ಎರಡೂ ಅಂಚು ಸೇರಿ ಇಳಿಯಬೇಕು, ಮತ್ತು ಕರ್ಬ್‌ಗಿಂತ ಉದ್ದವಾಗಿ ಇಳಿಯಬೇಕು. 125 ಮಿ.ಮೀ.ಗೆ 5% ಕೊಟ್ಟರೆ ಡ್ರೈವ್‌ವೇಯ ಎರಡೂ ಬದಿ 2.5 ಮೀ. ಬೇಕು. ಕರ್ಬ್‌ಗೆ 1 ಮೀ., ಫುಟ್‌ಪಾತ್‌ಗೆ 2.5 ಮೀ. ಇಲ್ಲಿ ಸಂಖ್ಯೆ ಒಂದಲ್ಲ, ಎರಡು. ಅದಕ್ಕೇ ಫುಟ್‌ಪಾತ್‌ಗೆ ಇನ್ನೊಂದು ಟಾರ್ಗೆಟ್, ಇನ್ನೊಂದು ಪಾಲಿಲೈನ್ ಇಡಿ. ಕರ್ಬ್‌ಗೆ ಮಾಡಿದ ಉಪಾಯವನ್ನೇ ಆ ಮಾರ್ಕ್ ಪಾಯಿಂಟ್‌ನ ಎತ್ತರಕ್ಕೆ ಬಳಸಿ. ಕರ್ಬ್ ಪೂರ್ತಿ ಎತ್ತರದಲ್ಲಿದ್ದು ಹಿಂದಿನ ಫುಟ್‌ಪಾತ್ ಆಗಲೇ ಇಳಿಯಲು ಶುರು ಮಾಡಿದ ಜಾಗದಲ್ಲಿ, ಕರ್ಬ್‌ನ ತಲೆ ಫುಟ್‌ಪಾತ್‌ಗಿಂತ ಮೇಲೆ ನಿಲ್ಲುತ್ತದೆ. ಅದು ಬೇಡವೆಂದರೆ ಕರ್ಬ್‌ನ ಇಳಿತವನ್ನೂ 2.5 ಮೀ.ಗೆ ಉದ್ದ ಮಾಡಿ. ಪಟ್ಟಿ ಇಲ್ಲದ ಕಡೆ ನಾನಂತೂ ಹಾಗೇ ಮಾಡುತ್ತೇನೆ.

ರಸ್ತೆಯೇ ಇಳಿಜಾರಿನಲ್ಲಿದ್ದರೆ ಮತ್ತೊಂದು ಸಂಗತಿ ಇದೆ. ರಸ್ತೆ 4% ಇಳಿಯುತ್ತಿದೆ. ಅದೇ ದಿಕ್ಕಿನಲ್ಲಿ ನಡೆಯುವವನಿಗೆ ಡ್ರೈವ್‌ವೇ ಮುಂಚಿನ ಇಳಿತ 5% ಅಲ್ಲ, 9%. ದಾಟಿದ ಮೇಲಿನ ಏರಿಕೆ 1% ಮಾತ್ರ. ರ‍್ಯಾಂಪ್‌ಗೆ ಸಾಮಾನ್ಯವಾಗಿ ಹೇಳುವ 1:12, ಅಂದರೆ 8.33% ಮಿತಿ ನಿಜವಾದ ಸಮತಟ್ಟಿನಿಂದ ಅಳೆಯುವಂಥದ್ದು. ಹಾಗಾಗಿ ಮೇಲ್ಬದಿಯ ಇಳಿತಕ್ಕೆ ಸಿಗುವುದು 4.33% ಅಷ್ಟೇ, ಉದ್ದ ಸುಮಾರು 2.9 ಮೀ. ಬೇಕು. ಎರಡೂ ಬದಿಗೆ ಒಂದೇ ಉದ್ದದ ಪಾಲಿಲೈನ್ ಕಾಪಿ ಮಾಡಿದರೆ ಒಂದು ಬದಿ ನಿಯಮ ಮೀರುತ್ತದೆ, ಇನ್ನೊಂದು ಬದಿ ಸುಮ್ನೆ ಉದ್ದ ಇರುತ್ತದೆ.

ಈಗ ಕಾರಿನ ಕಡೆಯಿಂದ ನೋಡೋಣ. ಡ್ರೈವ್‌ವೇಯಲ್ಲಿ ಒಂದೊಂದು ಇಳಿಜಾರೂ ನಿಯಮದೊಳಗೇ ಇರಬಹುದು. ಕಾರಿನ ತಳ ಉಜ್ಜುವುದು ಎರಡು ಇಳಿಜಾರು ಸೇರುವ ಮೂಲೆಯಲ್ಲಿ. ಎರಡು ಚಕ್ರಗಳ ನಡುವೆ 2.7 ಮೀ. ಇರುವ, ಮುಂದಿನ ಚಕ್ರದಿಂದ ಬಂಪರ್ 0.9 ಮೀ. ಮುಂದೆ ಚಾಚಿರುವ ಕಾರು ತೆಗೆದುಕೊಳ್ಳಿ. ರಸ್ತೆ 2% ಇಳಿದು ಬರುತ್ತದೆ, ಕೊನೆಯ 0.45 ಮೀ. ಗಟರ್ 6% ಇಳಿಯುತ್ತದೆ. ಮುಂದಿನ ಚಕ್ರ ಫ್ಲೋಲೈನ್ ಮೇಲೆ ಬಂದಾಗ ಹಿಂದಿನ ಚಕ್ರ ಅದಕ್ಕಿಂತ 72 ಮಿ.ಮೀ. ಮೇಲಿರುತ್ತದೆ. ಕಾರು ಸುಮಾರು 2.7% ಮೂಗು ತಗ್ಗಿಸಿದೆ. ಎದುರಿಗೆ 10.3% ಏರುವ ಏಪ್ರನ್. ಎರಡೂ ಸೇರಿ 13%. ಬಂಪರ್‌ನ ತುದಿಯಲ್ಲಿ ಇದು 117 ಮಿ.ಮೀ. ತಿನ್ನುತ್ತದೆ, ತುಟಿಯ 25 ಸೇರಿಸಿದರೆ 142. ಬಂಪರ್ ಕೆಳಗೆ 150 ಮಿ.ಮೀ. ಜಾಗ ಇರುವ ಕಾರು ಕೂದಲೆಳೆಯಲ್ಲಿ ಪಾರಾಗುತ್ತದೆ. ಬ್ರೇಕ್ ಹಾಕಿ ಮೂಗು ಇನ್ನಷ್ಟು ತಗ್ಗಿದರೆ ಅದೂ ಇಲ್ಲ. ಪಟ್ಟಿ 1.2 ಮೀ. ಇದ್ದು ಏಪ್ರನ್ 12.4% ಆದರೆ ಲೆಕ್ಕ 160 ದಾಟುತ್ತದೆ. ಉಜ್ಜಿತು ಎಂದೇ ಅರ್ಥ.

ಅಂಥ ಕಡೆ ಗಟರ್‌ನ 6% ಅನ್ನು ಡ್ರೈವ್‌ವೇ ಎದುರು ಸ್ವಲ್ಪ ಕಡಿಮೆ ಮಾಡಬಹುದು, ತುಟಿ ಕಡಿಮೆ ಮಾಡಬಹುದು, ಇಲ್ಲವೇ ಫುಟ್‌ಪಾತನ್ನು ಸ್ವಲ್ಪ ಇಳಿಸಬಹುದು. ಗಟರ್ ಮುಟ್ಟುವುದಕ್ಕೆ ಮೊದಲು ನೀರಿನ ಲೆಕ್ಕ ನೋಡಿ. ಉಬ್ಬಿನ ಮೂಲೆಯಲ್ಲಿ, ಅಂದರೆ ಫುಟ್‌ಪಾತ್ ದಾಟಿ ಡ್ರೈವ್‌ವೇ ಒಳಕ್ಕೆ ಇಳಿಯುವಲ್ಲಿ, ಕಾರಿನ ಹೊಟ್ಟೆಯ ಲೆಕ್ಕ. ಎರಡು ಇಳಿಜಾರಿನ ವ್ಯತ್ಯಾಸವನ್ನು ಚಕ್ರಗಳ ನಡುವಿನ ದೂರದಿಂದ ಗುಣಿಸಿ ನಾಲ್ಕರಿಂದ ಭಾಗಿಸಿ. ವ್ಯತ್ಯಾಸ 12% ಇದ್ದರೆ 81 ಮಿ.ಮೀ. ಹೋಗುತ್ತದೆ, ತೊಂದರೆಯಿಲ್ಲ. 20% ಇದ್ದರೆ 135, ಅದು ತೊಂದರೆ.

ಒಳಕ್ಕೆ ಇಳಿಯುವ ಡ್ರೈವ್‌ವೇ ಎಂದರೆ ನೀರಿನ ಮಾತು ಬಂದೇ ಬರುತ್ತದೆ. ಮಳೆಯಲ್ಲಿ ಗಟರ್ ತುಂಬಿ ಹರಿಯುವಾಗ ನೀರನ್ನು ರಸ್ತೆಯೊಳಗೇ ಹಿಡಿದಿಡುವುದು ಕರ್ಬ್. ಡ್ರೈವ್‌ವೇ ಎದುರು ಕರ್ಬ್ ಇಲ್ಲ. ಅಲ್ಲಿ ಆ ಕೆಲಸವನ್ನು ಏಪ್ರನ್‌ನ ತಲೆಯೋ ಫುಟ್‌ಪಾತ್‌ನ ಹಿಂದಿನ ಅಂಚೋ ಮಾಡಬೇಕು. 1.5 ಮೀ. ಪಟ್ಟಿ ಇರುವ ಉದಾಹರಣೆಯಲ್ಲಿ ಫುಟ್‌ಪಾತ್‌ನ ಹಿಂದಿನ ಅಂಚು ಗಟರ್‌ಗಿಂತ 216 ಮಿ.ಮೀ. ಮೇಲಿದೆ, ನಿಶ್ಚಿಂತೆ. ಪಟ್ಟಿ ಇಲ್ಲದೆ ಫುಟ್‌ಪಾತ್ ಪೂರ್ತಿ ಇಳಿಸಿದ ಉದಾಹರಣೆಯಲ್ಲಿ ಅದೇ ಅಂಚು 61 ಮಿ.ಮೀ. ಮಾತ್ರ. ಮುಂದೆ ಮನೆ ರಸ್ತೆಗಿಂತ ತಗ್ಗಿನಲ್ಲಿದ್ದರೆ ನೀರು ನೇರ ಒಳಗೆ. ಫುಟ್‌ಪಾತ್ ಆಚೆಗೆ ಇನ್ನೂ ಸ್ವಲ್ಪ ಏರಿಸಿ, ಕರ್ಬ್‌ನ ಎತ್ತರಕ್ಕಾದರೂ ಒಂದು ದಿಣ್ಣೆ ಮಾಡಿ, ಆಮೇಲೆ ಇಳಿಸಿ. ತಗ್ಗಿನಲ್ಲಿರುವ ಡ್ರೈವ್‌ವೇಗಳ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಳ್ಳಿ. ನಲವತ್ತರಲ್ಲಿ ನಿಮ್ಮ ಹೊತ್ತು ತಿನ್ನುವುದು ಅವೇ.

ಈಗ ನಿಮ್ಮ ಕೊನೆಯ ಪ್ರಶ್ನೆ, ಒಳಗೋ ಹೊರಗೋ. ಫುಟ್‌ಪಾತ್‌ನ ಹಿಂದಿನ ಅಂಚಿನವರೆಗೆ ಎಲ್ಲವೂ ಮುಖ್ಯ ಕಾರಿಡಾರ್‌ನಲ್ಲಿರಲಿ. ಅಲ್ಲಿವರೆಗೆ ಎಲ್ಲ ಗೆರೆಗಳೂ ರಸ್ತೆಗೆ ಸಮಾನಾಂತರ, ಕಾರಿಡಾರ್‌ಗೆ ಅದು ಸಹಜ. ಅದರಾಚೆ ಡ್ರೈವ್‌ವೇಗೆ ತನ್ನದೇ ದಿಕ್ಕು, ತನ್ನದೇ ಏರಿಳಿತ. ಓರೆಯಾಗಿ ಹೋಗುವ ಡ್ರೈವ್‌ವೇಯನ್ನು ರಸ್ತೆಯ ಅಡ್ಡ ಸೆಕ್ಷನ್‌ಗಳಿಂದ ಕಟ್ಟಲು ಹೋದರೆ ಅಂಚು ಗರಗಸದ ಹಾಗೆ ಬರುತ್ತದೆ.

ಆಚೆಯ ತುಂಡು ಚಿಕ್ಕದಿದ್ದು, ನೇರವಾಗಿದ್ದು, ಹಳೆಯ ನೆಲಕ್ಕೆ ಸೇರಿಸುವುದಷ್ಟೇ ಇದ್ದರೆ ಡೇಲೈಟ್‌ನ ಜಾಗದಲ್ಲಿ ಅಗಲಕ್ಕೂ ಲೆವೆಲ್‌ಗೂ ಟಾರ್ಗೆಟ್ ಇರುವ ಒಂದು ಲಿಂಕ್ ಸಾಕು. ಸರ್ವೆಯಲ್ಲಿ ಬಂದ ಹಳೆಯ ಡ್ರೈವ್‌ವೇಯ ಅಂಚನ್ನು ಫೀಚರ್ ಲೈನ್ ಮಾಡಿ ಎರಡೂ ಟಾರ್ಗೆಟ್‌ಗೆ ಅದನ್ನೇ ಕೊಡಿ. ಲಿಂಕ್ ನೇರ ಅಲ್ಲಿಗೆ ಹೋಗಿ ಕೂರುತ್ತದೆ, ಇಳಿಜಾರು ಎಷ್ಟು ಬಂತು ಎಂದು ನೀವು ನೋಡಿಕೊಂಡರಾಯಿತು. ಡ್ರೈವ್‌ವೇ ಇಲ್ಲದ ಕಡೆ ಸಾಮಾನ್ಯ ಡೇಲೈಟ್ ಬೇಕಲ್ಲ, ಅದಕ್ಕೆ ಕಂಡಿಷನಲ್ ಹಾರಿಜಾಂಟಲ್ ಟಾರ್ಗೆಟ್ ಇದೆ. ಗೆರೆ ಸಿಕ್ಕರೆ ಒಂದು ದಾರಿ, ಸಿಗದಿದ್ದರೆ ಇನ್ನೊಂದು. ಇದೂ ರೀಜನ್ ಕತ್ತರಿಸದೆ ಆಗುವ ಕೆಲಸ. ಆದರೆ ಇದು ಹಠಾತ್ ಬದಲಾಗುತ್ತದೆ ಎನ್ನುವುದು ನೆನಪಿರಲಿ. ಡ್ರೈವ್‌ವೇಯ ಅಂಚಿನಲ್ಲಿ ಹೊರಗಿನ ಇಳಿಜಾರು ತಟ್ಟನೆ ಮುರಿಯುತ್ತದೆ. ಮಣ್ಣಿನ ಇಳಿಜಾರಿನಲ್ಲಿ ಅಷ್ಟು ಒರಟುತನ ನಡೆಯುತ್ತದೆ.

ಉದ್ದದ, ಓರೆಯ ಅಥವಾ ತಗ್ಗಿನ ಡ್ರೈವ್‌ವೇಗೆ ಮಾತ್ರ ಅದರದ್ದೇ ಚಿಕ್ಕ ಅಲೈನ್‌ಮೆಂಟ್, ಪ್ರೊಫೈಲ್ ಮಾಡಿ ಪುಟ್ಟ ಕಾರಿಡಾರ್ ಕಟ್ಟಿ, ಇಲ್ಲವೇ ಫೀಚರ್ ಲೈನ್‌ಗಳಿಂದ ಗ್ರೇಡಿಂಗ್ ಮಾಡಿ. ಅದು ಶುರುವಾಗುವ ಲೆವೆಲ್‌ಅನ್ನು ಮುಖ್ಯ ಕಾರಿಡಾರ್‌ನ ಸರ್ಫೇಸ್‌ನಿಂದ ತೆಗೆದುಕೊಳ್ಳಲಿ. ಕೊನೆಗೆ ಎರಡೂ ಸರ್ಫೇಸ್‌ಗಳನ್ನು ಒಂದರಲ್ಲಿ ಪೇಸ್ಟ್ ಮಾಡಿ. ಮುಖ್ಯ ಕಾರಿಡಾರ್‌ನ ಡೇಲೈಟ್ ಅಷ್ಟು ಅಗಲದಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಎರಡೂ ಒಂದರ ಮೇಲೊಂದು ಬಿದ್ದು ಮಣ್ಣಿನ ಲೆಕ್ಕ ಎರಡು ಸಲ ಬರುತ್ತದೆ.

ಸರ್ಫೇಸ್ ಮಾಡುವಾಗ ಟಾಪ್ ಲಿಂಕ್‌ಗಳ ಜೊತೆಗೆ ಫ್ಲೋಲೈನ್, ಟಾಪ್ ಕರ್ಬ್, ಬ್ಯಾಕ್ ಕರ್ಬ್, ಫುಟ್‌ಪಾತ್‌ನ ಎರಡು ಅಂಚುಗಳ ಫೀಚರ್ ಲೈನ್‌ಗಳನ್ನು ಬ್ರೇಕ್‌ಲೈನ್ ಆಗಿ ಸೇರಿಸಿ. ಇಳಿತದ ಒಂದು ಮೀಟರ್‌ನಲ್ಲಿ ಟಿನ್ ಯಾವ ಮೂಲೆಗೆ ಗೆರೆ ಎಳೆಯಬೇಕು ಎಂದು ಹೇಳುವುದು ಅವೇ. ಹೊರ ಗಡಿಗೆ ಕಾರಿಡಾರ್ ಎಕ್ಸ್‌ಟೆಂಟ್ಸ್ ಕೊಡಿ.

ಪರೀಕ್ಷೆಗೆ ಅರ್ಧ ಮೀಟರ್ ಕಾಂಟೂರ್ ಸಾಲದು, ಕರ್ಬ್‌ನ ಪೂರ್ತಿ ಎತ್ತರವೇ 0.15 ಮೀ. 0.02 ಮೀ. ಅಂತರಕ್ಕೆ ಇಳಿಸಿ ಒಂದು ಡ್ರೈವ್‌ವೇ ಹತ್ತಿರ ಜೂಮ್ ಮಾಡಿ. ಕರ್ಬ್‌ನ ಉದ್ದಕ್ಕೂ ಒತ್ತಾಗಿ ಓಡುವ ಗೆರೆಗಳು ಇಳಿತದ ಭಾಗದಲ್ಲಿ ಬೀಸಣಿಗೆಯ ಹಾಗೆ ಬಿಡಿಸಿಕೊಂಡು ಏಪ್ರನ್ ಮೇಲೆ ಹರಡಬೇಕು. ಎಲ್ಲಾದರೂ ಗೆರೆ ಮೂಲೆಯಲ್ಲಿ ಸುತ್ತಿಕೊಂಡಿದ್ದರೆ ಅಲ್ಲಿ ಸೆಕ್ಷನ್ ತಪ್ಪಿದೆ ಅಥವಾ ಬ್ರೇಕ್‌ಲೈನ್ ಬಿಟ್ಟುಹೋಗಿದೆ. ಸೆಕ್ಷನ್ ಎಡಿಟರ್ ತೆರೆದು ಆ ನಾಲ್ಕು ಚೈನೇಜ್‌ಗಳಿಗೂ ಒಂದೊಂದಾಗಿ ಹೋಗಿ. ಆಮೇಲೆ ಡ್ರೈವ್‌ವೇ ಮಧ್ಯದಲ್ಲಿ ರಸ್ತೆಯ ನಡುವಿನಿಂದ ಒಳಗಿನವರೆಗೆ ಒಂದು ಕ್ವಿಕ್ ಪ್ರೊಫೈಲ್ ಎಳೆದು ಕಾರಿನ ಲೆಕ್ಕ ನೋಡಿ. ಇನ್ನೊಂದನ್ನು ಫುಟ್‌ಪಾತ್‌ನ ಮಧ್ಯದಲ್ಲಿ ಉದ್ದಕ್ಕೆ ಎಳೆದು ನಡೆಯುವವರ ಲೆಕ್ಕ ನೋಡಿ. ತಗ್ಗಿನ ಡ್ರೈವ್‌ವೇಗಳಲ್ಲಿ ವಾಟರ್ ಡ್ರಾಪ್ ಹಾಕಿ ನೀರು ಎತ್ತ ಹೋಗುತ್ತದೆ ಎಂದೂ ನೋಡಿ.

ಎಲ್ಲ ನಲವತ್ತನ್ನೂ ಹೀಗೆ ಮಾಡಲೇಬೇಕಾ ಎಂದರೆ, ಮಾಡೆಲ್ ಯಾರ ಕೈಗೆ ಹೋಗುತ್ತದೆ ಎನ್ನುವುದರ ಮೇಲಿದೆ. ಬರೀ ಪ್ಲಾನ್, ಪ್ರೊಫೈಲ್, ಅಡ್ಡ ಸೆಕ್ಷನ್ ಶೀಟ್ ಕೊಡುವುದಿದ್ದರೆ ಮತ್ತು ಡ್ರೈವ್‌ವೇಗೆ ಒಪ್ಪಿತ ವಿವರ ಡ್ರಾಯಿಂಗ್ ಇದ್ದರೆ, ಮಾಡೆಲ್‌ನಲ್ಲಿ ಪೂರ್ತಿ ಕರ್ಬ್ ಓಡಿಸಿ, ಕಷ್ಟದ ಆರೇಳು ಡ್ರೈವ್‌ವೇಗಳನ್ನು ಮಾತ್ರ ನಿಜವಾಗಿ ಕಟ್ಟಿ. ಉಳಿದವುಗಳ ಜಾಗ ಮತ್ತು ಅಗಲವನ್ನು ಒಂದು ಟೇಬಲ್‌ನಲ್ಲಿ ಕೊಡಿ. ಕರ್ಬ್ ಹಾಕುವ ಯಂತ್ರಕ್ಕೆ ಇದೇ ಮಾಡೆಲ್ ಲೋಡ್ ಆಗುವುದಿದ್ದರೆ ಆ ರಿಯಾಯಿತಿ ಇಲ್ಲ. ಯಂತ್ರ ವಿವರ ಡ್ರಾಯಿಂಗ್ ಓದುವುದಿಲ್ಲ, ನೀವು ಕೊಟ್ಟ ಗೆರೆಯ ಮೇಲೆ ಹೋಗುತ್ತದೆ. ಆಗ ನಲವತ್ತಕ್ಕೂ ಪಾಲಿಲೈನ್ ಬರೆಯಿರಿ. ಸಬ್‌ಅಸೆಂಬ್ಲಿ ಒಮ್ಮೆ ತಯಾರಾದ ಮೇಲೆ ಅದು ಕಾಪಿ, ಪೇಸ್ಟ್ ಕೆಲಸ.